ಹದಿನಾಲ್ಕು ಕೋರ್ಸೋ, ಆರೋ?

ಒಂದೇ ರೆಸ್ಟೋರೆಂಟು, ಒಂದೇ ಋತು, ಅದೇ ಅಡುಗೆಮನೆ. ಮೊದಲ ಸಲ ಊಟದ ಕೋಣೆಯ ಮೇಜಿನಲ್ಲಿ ಕುಳಿತು 14 ಕೋರ್ಸ್‌ಗಳ ದೊಡ್ಡ ಟೇಸ್ಟಿಂಗ್ ಮೆನು, ಅಂದರೆ ಬಾಣಸಿಗರೇ ಆರಿಸಿದ ಚಿಕ್ಕ ಚಿಕ್ಕ ಖಾದ್ಯಗಳು ಒಂದಾದ ಮೇಲೊಂದು ಬರುವ ಊಟ, ಉಂಡೆ. ಮೂರು ವಾರ ಬಿಟ್ಟು, ಒಲೆಗಳಿಗೆ ಎದುರಾಗಿರುವ ಕೌಂಟರಿನಲ್ಲಿ 6 ಕೋರ್ಸ್‌ಗಳ ಚಿಕ್ಕದನ್ನು ಉಂಡೆ. ಶರತ್ಕಾಲದ ಪಟ್ಟಿ ಅಷ್ಟರಲ್ಲಿ ಬದಲಾಗಿರಲಿಲ್ಲ. ನಾಲ್ಕು ಖಾದ್ಯಗಳು ಎರಡರಲ್ಲೂ ಇದ್ದವು. ಹೋಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ದೊಡ್ಡ ಮೆನುವಿನ ಮೊದಲ ಒಂದು ಗಂಟೆ ನಿಜಕ್ಕೂ ಸೊಗಸು. ಬೆರಳಲ್ಲಿ ಎತ್ತಿ ಬಾಯಿಗಿಟ್ಟುಕೊಳ್ಳುವಂಥ ನಾಲ್ಕು ತುಣುಕುಗಳು ಒಂದರ ಹಿಂದೆ ಒಂದು ಬಂದವು. ಒಂದು ಗರಿಗರಿ, ಒಂದು ಹುಳಿ, ಒಂದರಲ್ಲಿ ಹೊಗೆಯ ಘಮ, ಕೊನೆಯದು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ತುತ್ತು ಚಿಕ್ಕದಾಗಿರುವುದಕ್ಕೆ ಕಾರಣವಿದೆ. ಒಂದೇ ತಿನಿಸನ್ನು ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಬೇಗ ಇಳಿಯುತ್ತದೆ, ಇನ್ನೂ ತಿನ್ನದಿರುವುದರ ಮೇಲಿನ ಆಸೆ ಅಷ್ಟಾಗಿ ಇಳಿಯುವುದಿಲ್ಲ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಟೇಸ್ಟಿಂಗ್ ಮೆನುವಿನ ಗುಟ್ಟು ಇರುವುದೂ ಇಲ್ಲೇ. ಆದರೆ ಆಸೆ ಬೇರೆ, ಹೊಟ್ಟೆ ಬೇರೆ. ಬೆಣ್ಣೆ ಸವರಿದ ಬ್ರೆಡ್ಡನ್ನು ಎರಡು ಸಲ ಕೇಳಿ ಹಾಕಿಸಿಕೊಂಡಿದ್ದು ನನ್ನದೇ ತಪ್ಪು. ಜೊತೆಗೆ ಪ್ರತಿ ಖಾದ್ಯಕ್ಕೆ ಹೊಂದಿಸಿ ಕೊಡುವ ಹಣ್ಣಿನ ರಸಗಳು. ಒಂಬತ್ತನೆಯ ಕೋರ್ಸನ್ನು ಮುಗಿಸಿದ್ದು ಬರೀ ಮರ್ಯಾದೆಗೆ. ಸ್ಪೇನಿನ ಎಲ್ ಬುಲ್ಲಿ ರೆಸ್ಟೋರೆಂಟು 2011ರಲ್ಲಿ ಮುಚ್ಚುವ ಮುನ್ನ ಒಂದೇ ಸಂಜೆ 30ಕ್ಕೂ ಹೆಚ್ಚು ಖಾದ್ಯಗಳನ್ನು ಬಡಿಸುತ್ತಿತ್ತು. ಅಲ್ಲಿ ಕೊನೆಯವರೆಗೂ ಕುಳಿತವರಿಗೆ ನನ್ನ ನಮಸ್ಕಾರ.

ಆ ಒಂಬತ್ತನೆಯದೇ ಬೀಟ್‌ರೂಟ್. ಮೇಜಿಗೆ ಬಂದದ್ದು ಕಪ್ಪು ತಟ್ಟೆಯ ಅಂಚಿನಲ್ಲಿ ಕುಳಿತ, ಹೆಬ್ಬೆರಳಿನಷ್ಟು ದಪ್ಪದ ಒಂದು ಬಿಲ್ಲೆ. ಚೆನ್ನಾಗಿತ್ತು ಎಂದು ತಲೆಯಾಡಿಸಿದೆ, ಅಷ್ಟೆ. ಕೌಂಟರಿನಲ್ಲಿ ಅದೇ ಬೀಟ್‌ರೂಟ್ ಮೂರನೆಯದಾಗಿ ಬಂತು. ಬಾಣಸಿಗರು ಓವನ್ನಿನಿಂದ ಕಲ್ಲುಗುಂಡಿನಂಥ ಬಿಳಿಯ ಮುದ್ದೆಯೊಂದನ್ನು ತೆಗೆದು ನನ್ನ ಮುಂದಿಟ್ಟು, ಚಮಚದ ಹಿಂಬದಿಯಿಂದ ಎರಡು ಏಟು ಕೊಟ್ಟರು. ಮೊಟ್ಟೆಯ ಬಿಳಿಭಾಗದಲ್ಲಿ ಕಲಸಿದ ಉಪ್ಪಿನ ಚಿಪ್ಪು ಬಿರಿದು, ಮಳೆ ಬಿದ್ದ ಮಣ್ಣಿನ ವಾಸನೆಯ ಆವಿ ಮುಖಕ್ಕೆ ಹೊಡೆಯಿತು. ಚಿಪ್ಪಿನೊಳಗೆ ತೇವ ಹೊರಗೆ ಹೋಗುವುದಿಲ್ಲ, ಗೆಡ್ಡೆ ತನ್ನ ರಸದಲ್ಲೇ ಬೇಯುತ್ತದೆ ಎಂದು ವಿವರಿಸಿದರು. ಸಿಪ್ಪೆ ಬೆರಳಿಗೆ ಸಲೀಸಾಗಿ ಜಾರಿಬಂತು. ತಟ್ಟೆಗೆ ಬಿದ್ದದ್ದು ಮೂರು ದಪ್ಪ ಹೋಳು. ಮೊದಲನೆಯದರಲ್ಲಿ ಸಿಹಿ ಮಾತ್ರ ತಿಳಿಯಿತು, ಎರಡನೆಯದರಲ್ಲಿ ಉಪ್ಪು, ಮೂರನೆಯದರ ಹೊತ್ತಿಗೆ ಅಡಿಯಲ್ಲಿದ್ದ ಮುಲ್ಲಂಗಿ ಮೂಗಿಗೆ ಏರಿತು. ಒಂದೇ ತುತ್ತಿನಲ್ಲಿ ಇದೆಲ್ಲ ಹೇಗೆ ಗೊತ್ತಾಗಬೇಕು?

ಕಲೆಯ ಮಾತಿಗೆ ಬಂದರೆ ಮೇಜಿನದ್ದೇ ಒಂದು ಕೈ ಮೇಲು. ಷಿಕಾಗೋದ ಅಲೀನಿಯಾ ರೆಸ್ಟೋರೆಂಟಿನಲ್ಲಿ ಸಿಹಿಯನ್ನು ಮೇಜಿನ ಮೇಲೆಯೇ ಬಣ್ಣದಂತೆ ಎರಚಿ ಚಿತ್ರ ಬಿಡಿಸುವುದು ಪ್ರಸಿದ್ಧ. ಇಲ್ಲಿ ಅಷ್ಟು ದೂರ ಹೋಗಲಿಲ್ಲವಾದರೂ ಪ್ರತಿ ತಟ್ಟೆಯೂ ಚೌಕಟ್ಟು ಹಾಕಬಹುದಾದಂತಿತ್ತು, ದೀಪ ನೇರವಾಗಿ ಅದರ ಮೇಲೇ ಬೀಳುತ್ತಿತ್ತು. ಆದರೆ ಪ್ರತಿ ತಟ್ಟೆಯ ಹಿಂದೆ ಒಂದು ಭಾಷಣವೂ ಬರುತ್ತಿತ್ತು. ಹದಿಮೂರನೆಯ ಭಾಷಣದ ಹೊತ್ತಿಗೆ ಐಸ್‌ಕ್ರೀಮಿನ ಅಂಚು ಕರಗಿ ಆ ಚಿತ್ರವೇ ಕದಡಿಹೋಯಿತು. ಕೌಂಟರಿನಲ್ಲಿ ವಿವರಣೆ ಬೇಕಾದರೆ ಕೇಳಬೇಕು, ಬೇಡವಾದರೆ ಕೈಗಳನ್ನು ನೋಡುತ್ತಾ ಕೂರಬಹುದು. ಇಕ್ಕಳದಿಂದ ಎಲೆಯೊಂದನ್ನು ಮೂರು ಸಲ ತೆಗೆದು ತೆಗೆದು ಇಡುವುದನ್ನು ನೋಡುವುದೇ ಒಂದು ಮಜಾ.

ಹಾಗೆಂದು ಚಿಕ್ಕ ಮೆನು ಸುರಕ್ಷಿತವಲ್ಲ. ಐದನೆಯ ಕೋರ್ಸಿನ ಮೀನು ಹೆಚ್ಚು ಬೆಂದು ಒಣಗಿತ್ತು. ಆರರಲ್ಲಿ ಒಂದು ಕೈಕೊಟ್ಟರೆ ಸಂಜೆಯ ಆರನೆಯ ಒಂದು ಪಾಲು ಹೋದಂತೆಯೇ. ಹದಿನಾಲ್ಕರಲ್ಲಾದರೆ ಎರಡು ತುತ್ತಿಗೆ ಮರೆತು ಮುಂದೆ ಹೋಗಬಹುದಿತ್ತು. ಕೌಂಟರಿನ ಎತ್ತರದ ಕುರ್ಚಿಗೆ ಒರಗು ಇಲ್ಲ, ಒಲೆಯ ಕಾವು ಮುಖಕ್ಕೆ ರಾಚುತ್ತದೆ, ಜೊತೆಗೆ ಬಂದವರೊಂದಿಗೆ ಮಾತನಾಡಬೇಕೆಂದರೆ ಕತ್ತು ತಿರುಗಿಸಿಯೇ ಇರಬೇಕು. ಹಬ್ಬ, ಹುಟ್ಟುಹಬ್ಬ ಎಂದು ನಾಲ್ಕು ಜನ ಕೂಡಿ ಹೋಗುವವರು ಮೇಜನ್ನೇ ಹಿಡಿಯಲಿ, ದೊಡ್ಡ ಮೆನುವಿನ ಮೂರು ಗಂಟೆ ಐವತ್ತು ನಿಮಿಷ ಮಾತಿನಲ್ಲೇ ಕಳೆದುಹೋಗುತ್ತದೆ. ಅಲರ್ಜಿ, ತಿನ್ನದ ಪದಾರ್ಥ ಏನೇ ಇದ್ದರೂ ಕಾಯ್ದಿರಿಸುವಾಗಲೇ ಹೇಳಿಬಿಡಬೇಕು; ಕುಳಿತ ಮೇಲೆ ಹೇಳಿದರೆ ಸಿಗುವುದು ಅದೇ ಖಾದ್ಯ, ಒಂದು ಪದಾರ್ಥ ಕಡಿಮೆ.

ನಾನು ಮಾತ್ರ ಚಳಿಗಾಲದ ಪಟ್ಟಿಗೆ ಕೌಂಟರನ್ನೇ ಕಾಯ್ದಿರಿಸಿದ್ದೇನೆ, ಆರೇ ಕೋರ್ಸು. ದೊಡ್ಡ ಊಟದ ದಿನ ಹೊರಡುವಾಗ ಲಕೋಟೆಯಲ್ಲಿಟ್ಟು ಕೊಟ್ಟ ಮೆನು ಕಾರ್ಡು ಈಗಲೂ ನನ್ನ ಬಳಿ ಇದೆ. ಹನ್ನೊಂದನೆಯ ಸಾಲಿನಲ್ಲಿ ‘ಅಣಬೆ, ಸೇಬು, ಹುರಿದ ಯೀಸ್ಟ್’ ಎಂದು ಅಚ್ಚಾಗಿದೆ. ಎಷ್ಟು ತಲೆ ಕೆರೆದುಕೊಂಡರೂ ಅದರ ರುಚಿಯಿರಲಿ, ತಟ್ಟೆಯ ಬಣ್ಣವೂ ನೆನಪಿಗೆ ಬರುತ್ತಿಲ್ಲ.