ದ್ರವ್ಯ–ಅಣು–ಮಿಶ್ರಣ ಪ್ರಯೋಗ ಪೆಟ್ಟಿಗೆ: ಸಾಮಾನು ಚೆನ್ನ, ಕೈಪಿಡಿಗೆ ತಿದ್ದುಪಡಿ ಬೇಕು

ಐದು, ಆರನೇ ತರಗತಿಯ ಮಕ್ಕಳಿಗೆಂದು ಮಾಡಿದ ಈ ಪೆಟ್ಟಿಗೆಯನ್ನು ಕೊಡಗಿನ ಮನೆಗಳಿಗೆ ಕೊಳ್ಳಬಹುದೇ ಎಂದರೆ, ಖಂಡಿತ ಕೊಳ್ಳಬಹುದು. ಆದರೆ ಕೈಪಿಡಿಯನ್ನು ಹಿರಿಯರೊಬ್ಬರು ಪೆನ್ಸಿಲ್ ಹಿಡಿದು ಓದಿ, ಕೆಲವು ಕಡೆ ತಿದ್ದಿಯೇ ಮಗುವಿನ ಕೈಗೆ ಕೊಡಬೇಕು. ಬಯಲುಸೀಮೆಯ ಒಣ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೈಪಿಡಿ ಇದು. ಕೆಲವು ಸಾಲುಗಳಂತೂ ಯಾವ ಊರಿನಲ್ಲೂ ಸರಿಯಲ್ಲ.

ಒಳಗಿರುವುದು: 100 ಮಿಲಿ ಅಳತೆ ಜಾಡಿ, ಎರಡು ಬೀಕರ್, ಆಲಿಕೆ, ಸೋಸುಕಾಗದ, ಪಿಂಗಾಣಿ ಬಟ್ಟಲು, ಥರ್ಮಾಮೀಟರ್, ಅಯಸ್ಕಾಂತ, ಉಪ್ಪು, ಮರಳು, ಕಬ್ಬಿಣದ ಪುಡಿ, ಅಣುಗಳ ಮಾದರಿಗೆ ಬಣ್ಣದ ಗುಂಡುಗಳು ಮತ್ತು ಕಡ್ಡಿಗಳು. ಗಾಜು ದಪ್ಪವಾಗಿದೆ, ಜಾಡಿಯ ಗೆರೆಗಳು ಸ್ಪಷ್ಟವಾಗಿವೆ. ತಕ್ಕಡಿ ಇಲ್ಲ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಪೆಟ್ಟಿಗೆಯ ಜೀವ ಇರುವುದು ಬೇರ್ಪಡಿಸುವ ಪ್ರಯೋಗದಲ್ಲಿ. 10 ಗ್ರಾಂ ಉಪ್ಪು, 10 ಗ್ರಾಂ ಮರಳು, 5 ಗ್ರಾಂ ಕಬ್ಬಿಣದ ಪುಡಿ ಬೆರೆಸಿ, ಮೂರನ್ನೂ ಮತ್ತೆ ಬೇರೆ ಮಾಡಬೇಕು. ಅಯಸ್ಕಾಂತವನ್ನು ಬರಿದಾಗಿ ಇಳಿಸಬೇಡಿ, ಅಂಟಿದ ಪುಡಿ ಬಿಡಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಳಿಸಿ. ಆಮೇಲೆ ಚೀಲದೊಳಗಿಂದ ಅಯಸ್ಕಾಂತ ಎಳೆದುಕೊಂಡರೆ ಪುಡಿ ತಾನಾಗಿ ಉದುರುತ್ತದೆ. ಉಳಿದದ್ದಕ್ಕೆ 25 ಮಿಲಿ ನೀರು ಹಾಕಿ ಎನ್ನುತ್ತದೆ ಕೈಪಿಡಿ. ಇದು ಮೊದಲ ತಪ್ಪು. 100 ಮಿಲಿ ನೀರಿನಲ್ಲಿ ಕರಗುವ ಉಪ್ಪು ಸುಮಾರು 36 ಗ್ರಾಂ, ಹಾಗಾಗಿ 25 ಮಿಲಿಯಲ್ಲಿ 9 ಗ್ರಾಂ ಮಾತ್ರ. ಉಳಿದ ಒಂದು ಗ್ರಾಂ ಮರಳಿನೊಂದಿಗೇ ಕೂತುಬಿಡುತ್ತದೆ. 50 ಮಿಲಿ ಹಾಕಿ, ಎರಡು ನಿಮಿಷ ಕಲಕಿ.

ಸೋಸುಕಾಗದವನ್ನು ಎರಡು ಸಲ ಮಡಚಿ, ಒಂದು ಕಡೆ ಮೂರು ಪದರ, ಇನ್ನೊಂದು ಕಡೆ ಒಂದು ಪದರ ಬರುವಂತೆ ಬಿಡಿಸಿ ಆಲಿಕೆಯಲ್ಲಿ ಕೂರಿಸಿ. ಮೊದಲು ಒಂದಿಷ್ಟು ನೀರಿನಲ್ಲಿ ನೆನೆಸಿದರೆ ಕಾಗದ ಗಾಜಿಗೆ ಒತ್ತಿಕೊಳ್ಳುತ್ತದೆ. ನೀರು ಕಾಗದದ ಅಂಚು ದಾಟಬಾರದು, ದಾಟಿದರೆ ಮರಳು ಕೆಳಗಿಳಿಯುತ್ತದೆ. ಬೇಗ ಇಳಿಯಲೆಂದು ಕಡ್ಡಿಯಿಂದ ಚುಚ್ಚಿದರೆ ತುದಿ ಹರಿಯುತ್ತದೆ. ಕೊನೆಗೆ 10 ಮಿಲಿ ನೀರಿನಿಂದ ಮರಳನ್ನು ತೊಳೆದು ಅದೇ ಆಲಿಕೆಗೆ ಸುರಿಯಿರಿ. ಈ ತೊಳೆಯುವ ಹೆಜ್ಜೆ ಕೈಪಿಡಿಯಲ್ಲಿಲ್ಲ, ಅದಕ್ಕೇ ಉಪ್ಪಿನ ಲೆಕ್ಕ ಕಡಿಮೆ ಬೀಳುತ್ತದೆ. ಬೆಳಗಿನ ಕಾಫಿ ಫಿಲ್ಟರ್‌ನಲ್ಲಿ ನಡೆಯುವುದೂ ಇದೇ ಎಂದು ಹೇಳಿದರೆ ಕೊಡಗಿನ ಮಗುವಿಗೆ ತಕ್ಷಣ ಹೊಳೆಯುತ್ತದೆ: ಕರಗುವುದು ಡಿಕಾಕ್ಷನ್ ಆಗಿ ಇಳಿಯುತ್ತದೆ, ಕರಗದ್ದು ಚರಟವಾಗಿ ಮೇಲೆ ಉಳಿಯುತ್ತದೆ.

ಇನ್ನು ಒಣಗಿಸುವುದು. ‘ಎರಡು ದಿನ ಕಿಟಕಿಯಲ್ಲಿಡಿ, ಹರಳು ಸಿಗುತ್ತದೆ’ ಎಂಬ ಮಾತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನಡೆಯದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಿದರೆ ಉಪ್ಪು ಗಾಳಿಯ ತೇವವನ್ನೇ ಹೀರಿ ನೀರಾಗುತ್ತದೆ. ಮಳೆಗಾಲದಲ್ಲಿ ಬಟ್ಟಲನ್ನು ವಾರವಿಟ್ಟರೂ ಹರಳು ಕಾಣದು, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಬಚ್ಚಲ ಹಂಡೆಯ ಒಲೆ ಉರಿಯುವ ಮನೆಯಾದರೆ ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲಿಡಿ. ಇಲ್ಲವೇ ಹಿರಿಯರು ಎದುರಿಗಿದ್ದು ಸಣ್ಣ ಉರಿಯಲ್ಲಿ ಕಾಯಿಸಲಿ. ನೀರು ಕಾಲುಭಾಗಕ್ಕೆ ಇಳಿದ ಮೇಲೆ ಉಪ್ಪು ಸಿಡಿಯುತ್ತದೆ, ಆಗ ಉರಿ ಆರಿಸಿ ಬಟ್ಟಲಿನ ಬಿಸಿಯಲ್ಲೇ ಒಣಗಲು ಬಿಡಿ. ದೊಡ್ಡ ಹರಳು ಬೇಕೆಂದರೆ ಕಣದಲ್ಲಿ ಕಾಫಿ ಒಣಗುವ ಕಾಲಕ್ಕೆ ಕಾಯುವುದೇ ಒಳ್ಳೆಯದು. 9 ಗ್ರಾಂಗಿಂತ ಹೆಚ್ಚು ಉಪ್ಪು ಮರಳಿ ಬಂದರೆ ಕೆಲಸ ಅಚ್ಚುಕಟ್ಟು. 10 ದಾಟಿದರೆ ತೇವ ಇನ್ನೂ ಇದೆ ಎಂದರ್ಥ.

ಕುದಿಯುವ ನೀರಿನ ಪುಟದಲ್ಲಿ 100 ಡಿಗ್ರಿ ಸೆಲ್ಸಿಯಸ್ ಎಂದಿದೆ. ಸಮುದ್ರಮಟ್ಟಕ್ಕೆ ಅದು ಸರಿ. ಮಡಿಕೇರಿ 1,100 ಮೀಟರ್‌ಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆಯೆಂದು ಹಿಂತಿರುಗಿಸಬೇಡಿ. ಅದರ ಬುಡ ಪಾತ್ರೆಯ ತಳಕ್ಕೆ ತಾಗದಂತೆ ಮಾತ್ರ ನೋಡಿಕೊಳ್ಳಿ.

‘ಸಕ್ಕರೆ ನೀರಿನ ಅಣುಗಳ ಸಂದುಗಳಲ್ಲಿ ಸೇರುವುದರಿಂದ ಮಟ್ಟ ಏರುವುದೇ ಇಲ್ಲ’ ಎಂಬ ಸಾಲನ್ನು ಪೂರ್ತಿ ಹೊಡೆದುಹಾಕಿ. ಜಾಡಿಯಲ್ಲಿ 80 ಮಿಲಿ ನೀರಿಗೆ 10 ಗ್ರಾಂ ಸಕ್ಕರೆ ಕರಗಿಸಿದರೆ ಮಟ್ಟ 86ರ ಹತ್ತಿರ ಬರುತ್ತದೆ. ಅಗಲ ಬಾಯಿಯ ಲೋಟದಲ್ಲಿ ಆ ಏರಿಕೆ ಕಣ್ಣಿಗೆ ಕಾಣುವುದಿಲ್ಲ, ತಪ್ಪು ಹುಟ್ಟುವುದು ಅಲ್ಲಿಂದ. ಇಷ್ಟು ಒಳ್ಳೆಯ ಜಾಡಿ ಕೊಟ್ಟು ಅಳೆಯದೆ ನಂಬು ಎಂದು ಮಗುವಿಗೆ ಹೇಳಬಾರದು.

ಗುಂಡು–ಕಡ್ಡಿಯ ಭಾಗ ದುರ್ಬಲ. ಬಣ್ಣಗಳು ವಾಡಿಕೆಯಂತೆ ಇವೆ: ಆಕ್ಸಿಜನ್ ಕೆಂಪು, ಹೈಡ್ರೋಜನ್ ಬಿಳಿ, ಕಾರ್ಬನ್ ಕಪ್ಪು. ಕಾರ್ಬನ್‌ನ ನಾಲ್ಕು ತೂತುಗಳೂ ಸರಿ, ಒಂದು ಕಾರ್ಬನ್‌ಗೆ ನಾಲ್ಕು ಹೈಡ್ರೋಜನ್ ಸೇರಿದ ಮೀಥೇನ್ ಚೆನ್ನಾಗಿ ನಿಲ್ಲುತ್ತದೆ. ಆದರೆ ಆಕ್ಸಿಜನ್‌ನ ಎರಡು ತೂತುಗಳು ಎದುರುಬದುರಾಗಿರುವುದರಿಂದ ನೀರಿನ ಅಣು ನೆಟ್ಟಗಾಗುತ್ತದೆ. ನಿಜಕ್ಕೆ ಅದು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ನೀರು ಉಪ್ಪನ್ನು ಕರಗಿಸುವುದಕ್ಕೂ, ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೂ ಈ ಬಾಗು ಬೇಕು. ಗೋಧಿಹಿಟ್ಟಿನ ಉಂಡೆಗೆ ಎರಡು ಕಡ್ಡಿ ಸಿಕ್ಕಿಸಿ, ಕೋನಮಾಪಕ ಹಿಡಿದು ಮಾಡಿದ ಮಾದರಿ ಇದಕ್ಕಿಂತ ಸತ್ಯಕ್ಕೆ ಹತ್ತಿರ. ‘ಉಪ್ಪಿನ ಅಣು’ ಎಂದು ಎರಡು ಗುಂಡುಗಳ ಚಿತ್ರವಿರುವುದನ್ನೂ ತಿದ್ದಬೇಕು. ಉಪ್ಪಿನ ಹರಳಿನಲ್ಲಿ ಜೋಡಿ ಜೋಡಿ ಅಣುಗಳಿಲ್ಲ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಮೂರೂ ದಿಕ್ಕಿಗೆ ಒಂದಾದ ಮೇಲೊಂದು ಸಾಲುಗಟ್ಟಿವೆ.

ಶಾಯಿಯ ಬಣ್ಣ ಬಿಡಿಸುವ ಪ್ರಯೋಗಕ್ಕೆ ನೀರಿನಲ್ಲಿ ಕರಗುವ ಕಪ್ಪು ಸ್ಕೆಚ್ ಪೆನ್ನೇ ಆಗಬೇಕು, ಬಾಲ್‌ಪೆನ್ನಿನ ಶಾಯಿ ಮೇಲೇರದು. ಪೆನ್ನಿನಿಂದ ಇಟ್ಟ ಚುಕ್ಕಿ ಸೋಸುಕಾಗದದ ತಳದಿಂದ 2 ಸೆಂಟಿಮೀಟರ್ ಮೇಲಿರಲಿ, ಕಾಗದ ಅದ್ದಿ ನಿಲ್ಲಿಸುವ ನೀರು 1 ಸೆಂಟಿಮೀಟರ್ ಸಾಕು.

ತೇಲಿಸಿ ಬೇರ್ಪಡಿಸುವ ಪಾಠ ಈ ಪೆಟ್ಟಿಗೆಯಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಒಂದು ಹಿಡಿ ಕರಿಮೆಣಸನ್ನು ಬೀಕರ್‌ನ ನೀರಿಗೆ ಹಾಕಿ ಕಲಕಿದರೆ ಜೊಳ್ಳು ಮೇಲೆ ನಿಲ್ಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕುವ ಮುನ್ನ ತೇಲು ಹಣ್ಣು ತೆಗೆಯುವುದೂ ಇದೇ ರೀತಿ.

ಕಬ್ಬಿಣದ ಪುಡಿ ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಮಳೆ ಹಿಡಿಯುವ ಮೊದಲೇ ಅದನ್ನು ಬಿಗಿ ಮುಚ್ಚಳದ ಒಣ ಶೀಶೆಗೆ ಬದಲಾಯಿಸಿ. ತುಕ್ಕು ಹಿಡಿದು ಗಂಟುಕಟ್ಟಿದ ಪುಡಿಯನ್ನು ಅಯಸ್ಕಾಂತ ಸರಿಯಾಗಿ ಎಳೆಯುವುದಿಲ್ಲ.