ಉಸಿರು, ರಕ್ತದ ಪರೀಕ್ಷೆ ಇಲ್ಲದ ಕುಡಿದು ಓಡಿಸಿದ ಕೇಸು: ಯಾವ ಸಾಕ್ಷಿ ಮುಂದಿಡಬೇಕು?

ಪೊಲೀಸರ ಮಾತು, ನಡಿಗೆ ಪರೀಕ್ಷೆ, ವಿಡಿಯೋ, ಈ ಮೂರರಲ್ಲಿ ಯಾವುದನ್ನು ನಂಬಿ ಕೇಸು ಕಟ್ಟಬೇಕು ಅಂತ ಕೇಳಿದ್ದೀರಿ. ರಕ್ತದಲ್ಲಿ ಮದ್ಯ ಎಷ್ಟಿತ್ತು ಅಂತ ಕಾನೂನು ಅಂಕಿಯನ್ನೇ ಕೇಳಿದರೆ ಮೂರೂ ಸಾಲುವುದಿಲ್ಲ. ಓಡಿಸುವ ಹಿಡಿತ ತಪ್ಪಿತ್ತು ಅಂತ ತೋರಿಸಿದರೆ ಸಾಕು ಅನ್ನುವ ಕಡೆ ಮಾತ್ರ ಇವು ಕೆಲಸಕ್ಕೆ ಬರುತ್ತವೆ.

ಪೊಲೀಸರ ಮಾತು ಸುಲಭವಾಗಿ ಸಿಗುತ್ತದೆ. ಆದರೆ ಸುಮ್ನೆ "ಬಾಯಿ ವಾಸನೆ, ಕೆಂಪು ಕಣ್ಣು" ಅಂದರೆ ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ. ವಾಸನೆಯಿಂದ ಎಷ್ಟು ಕುಡಿದ ಅಂತ ಗೊತ್ತಾಗುವುದಿಲ್ಲ. ನಿದ್ದೆಗೆಟ್ಟರೂ ಕಣ್ಣು ಕೆಂಪಾಗುತ್ತದೆ ಅಲ್ವಾ? "ಲೈಸೆನ್ಸ್ ಕೇಳಿದರೆ ಎರಡು ಸಲ ಬ್ಯಾಂಕ್ ಕಾರ್ಡ್ ಕೊಟ್ಟ" ಅಂತ ಸ್ಥಳದಲ್ಲೇ ಬರೆದಿಟ್ಟಿದ್ದರೆ ಅದರ ತೂಕವೇ ಬೇರೆ.

ನಡಿಗೆ ಪರೀಕ್ಷೆಗೆ ಗೊತ್ತಾದ ಕ್ರಮ ಇದೆ: ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ 9 ಹೆಜ್ಜೆ, ತಿರುಗಿ ಮತ್ತೆ 9. ಅದೇ ಅದರ ಬಲ. ಮಂಡಿನೋವು, ವಯಸ್ಸು, ಇಳಿಜಾರು ನೆಲ ಇದ್ದರೆ ಬಲ ಕುಗ್ಗುತ್ತದೆ.

ವಿಡಿಯೋ ಇದ್ದರೆ ನಾನು ಮೊದಲು ಅದನ್ನೇ ನೋಡುತ್ತೇನೆ. ತೊದಲುವುದು, ತೂರಾಡುವುದು ಜಡ್ಜ್ ಕಣ್ಣೆದುರೇ ಇರುತ್ತದೆ. ಆದರೆ ಚಾಲಕ ನೆಟ್ಟಗೆ ನಿಂತಿದ್ದರೆ ಅದೇ ವಿಡಿಯೋ ಆರೋಪಿಗೆ ಅನುಕೂಲ. ಅಪಘಾತದಲ್ಲಿ ಚಾಲಕನಿಗೆ ಪೆಟ್ಟಾಗಿದ್ದರೆ ನಡಿಗೆ ಪರೀಕ್ಷೆ ಮಾತೇ ಇಲ್ಲ. ಆಗ ಬಾರ್ ಬಿಲ್, ಜೊತೆಗಿದ್ದವರ ಹೇಳಿಕೆ ಹುಡುಕಿ.