ಆಂಪ್ ಹಚ್ಚದೆ ಮನೆಯಲ್ಲೇ ಗಿಟಾರ್ ರೆಕಾರ್ಡಿಂಗ್: ಮೂರು ದಾರಿ, ನನ್ನ ಆಯ್ಕೆ ಒಂದು

ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಫ್ಲ್ಯಾಟಿನಲ್ಲಿ, ಮನೆಮಂದಿಯೆಲ್ಲ ಮಲಗಿದ ಮೇಲೆ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡುವವರಿಗೆ ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಾಧಾರಣ ಆಡಿಯೊ ಇಂಟರ್ಫೇಸ್, ಲ್ಯಾಪ್‌ಟಾಪಿನಲ್ಲಿ ಆಂಪ್ಲಿಫೈಯರಿನ (ಆಂಪ್) ಸದ್ದನ್ನು ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್), ಇಷ್ಟಿದ್ದರೆ ಸಾಕು. ಜೇಬಿಗೆ ಹಿಡಿಸುವ ಹೆಡ್‌ಫೋನ್ ಆಂಪ್ ಮತ್ತು ಯುಎಸ್‌ಬಿ ಇರುವ ಮಲ್ಟಿ ಎಫೆಕ್ಟ್ಸ್ ಪೆಡಲ್, ಎರಡನ್ನೂ ಬಳಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಮೂರಕ್ಕೂ ಅದೇ ಸಿಂಗಲ್ ಕಾಯಿಲ್ ಗಿಟಾರ್ (ತಂತಿಯ ಕಂಪನ ಹಿಡಿಯುವ ಪಿಕಪ್ಪಿನಲ್ಲಿ ಒಂದೇ ಸುರುಳಿ ಇರುವಂಥದ್ದು), ಅದೇ ಹೆಡ್‌ಫೋನ್.

ಇಂಟರ್ಫೇಸ್ ನನಗೆ ಹಿಡಿಸಲು ಮುಖ್ಯ ಕಾರಣ ಟೋನ್ ಅಲ್ಲ. ಟ್ರ್ಯಾಕಿಗೆ ಇಳಿಯುವುದು ಗಿಟಾರಿನ ಬರಿಯ ಸದ್ದು. ಆಂಪಿನ ಬಣ್ಣವೆಲ್ಲ ಕೇಳುವಾಗ ಪ್ಲಗಿನ್ ಹಚ್ಚುವಂಥದ್ದು. ಆಫೀಸು ಮುಗಿಸಿ, ಊಟ ಮುಗಿಸಿ ಗಿಟಾರ್ ಕೈಗೆತ್ತಿಕೊಳ್ಳುವ ಹೊತ್ತಿಗೆ ಕಿವಿ ದಣಿದಿರುತ್ತದೆ. ಆಗ ಗೇನ್ ಎಷ್ಟು, ಟ್ರೆಬಲ್ ಎಷ್ಟು ಎಂದು ತೀರ್ಮಾನಿಸಿದರೆ ಬೆಳಿಗ್ಗೆ ಅದು ಖಂಡಿತ ಹಿಡಿಸುವುದಿಲ್ಲ. ರಾತ್ರಿ ನುಡಿಸುವುದು, ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಆಂಪ್ ಆಯ್ದುಕೊಳ್ಳುವುದು. ನನ್ನ ಅಭ್ಯಾಸಕ್ಕೆ ಇದಕ್ಕಿಂತ ಒಗ್ಗುವ ವ್ಯವಸ್ಥೆ ಸಿಕ್ಕಿಲ್ಲ.

ಹೆಡ್‌ಫೋನ್ ಆಂಪ್ ಹೊಸ ವಸ್ತುವೇನಲ್ಲ. ಅಮೆರಿಕದ ಬಾಸ್ಟನ್ ಎಂಬ ರಾಕ್ ಬ್ಯಾಂಡಿನ ಟಾಮ್ ಶೋಲ್ಜ್ 1982ರಲ್ಲೇ ರಾಕ್‌ಮನ್ ತಂದಿದ್ದರು. ಪ್ರಾಕ್ಟೀಸಿಗೆ ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ: ಗಿಟಾರಿಗೆ ಚುಚ್ಚಿದರೆ ಆಯಿತು. ರೆಕಾರ್ಡಿಂಗಿಗೆ ಮಾತ್ರ ಬೇಡ. ನನ್ನದರಲ್ಲಿ ಹೊರಗೆ ಬರುವುದು ಹೆಡ್‌ಫೋನ್ ಕಿಂಡಿ ಒಂದೇ. ಅದನ್ನು ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ಕೊಟ್ಟರೆ ಕೇಬಲ್ ಹುಡುಕುವ ಕೆಲಸ ಬೇರೆ, ಸುಂಯ್ ಎನ್ನುವ ಹಿಸ್ ಬೇರೆ.

ಮಲ್ಟಿ ಎಫೆಕ್ಟ್ಸ್ ಪೆಡಲ್ ನಿಜಕ್ಕೂ ಒಳ್ಳೆಯ ಪೈಪೋಟಿ ಕೊಟ್ಟಿತು. ಸದ್ದು ಪೆಡಲ್ಲಿನೊಳಗೇ ತಯಾರಾಗುವುದರಿಂದ ತಂತಿ ಮೀಟುವುದಕ್ಕೂ ಕೇಳುವುದಕ್ಕೂ ನಡುವೆ ವಿಳಂಬ ಗೊತ್ತಾಗುವುದೇ ಇಲ್ಲ. ಆದರೆ ನನ್ನ ಪೆಡಲ್ ಎಫೆಕ್ಟ್ ಹಚ್ಚಿದ ಸದ್ದನ್ನೇ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಆಮೇಲೆ ರಿವರ್ಬ್ (ಕೋಣೆಯ ಪ್ರತಿಧ್ವನಿಯಂಥ ಎಫೆಕ್ಟ್) ಜಾಸ್ತಿಯಾಯಿತು ಅನ್ನಿಸಿದರೆ ಮತ್ತೆ ನುಡಿಸಬೇಕು. ಬರಿಯ ಸದ್ದನ್ನೂ ಬೇರೆ ಚಾನೆಲ್ಲಿನಲ್ಲಿ ಕಳಿಸುವ ಪೆಡಲ್‌ಗಳಿವೆ, ಬೆಲೆಯೂ ಹಾಗೇ ಇದೆ. ಇನ್ನು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುವುದು ಎಂಬ ಲೆಕ್ಕ): ನನ್ನದು 44.1 ಕಿಲೋಹರ್ಟ್ಸ್ ಬಿಟ್ಟು ಬೇರೇನೂ ಕೇಳುವುದಿಲ್ಲ, ನನ್ನ ಹಾಡುಗಳೆಲ್ಲ ಇರುವುದು 48ರಲ್ಲಿ. ವಿಂಡೋಸಿನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಮ್ಮೆಗೆ ಒಂದೇ ಸಾಧನದ ಡ್ರೈವರ್ ಬಳಸುವುದರಿಂದ, ಪೆಡಲ್ಲಿನದನ್ನು ಆಯ್ದುಕೊಂಡರೆ ಹಾಡುವ ಮೈಕಿಗೆ ಜಾಗವಿಲ್ಲ.

ವಾಲ್ವ್ ಆಂಪಿಗೆ (ವ್ಯಾಕ್ಯೂಮ್ ಟ್ಯೂಬ್ ಇರುವ ಆಂಪಿಗೆ) ಲೋಡ್ ಬಾಕ್ಸ್, ಅಂದರೆ ಸ್ಪೀಕರ್ ಬದಲು ಆಂಪಿನ ಶಕ್ತಿಯನ್ನು ಹೀರುವ ಪೆಟ್ಟಿಗೆ, ಹಾಕುವ ದಾರಿ ನನ್ನ ಬಜೆಟ್ಟಿನ ಆಚೆಗಿನದು. ಒಂದು ಎಚ್ಚರಿಕೆ ಮಾತ್ರ: ಸ್ಪೀಕರೂ ಇಲ್ಲದೆ, ಲೋಡೂ ಇಲ್ಲದೆ ವಾಲ್ವ್ ಆಂಪ್ ಹಚ್ಚಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇನ್ನು ಇಂಟರ್ಫೇಸಿನ ತಲೆನೋವಿಗೆ ಬರುತ್ತೇನೆ, ಇದನ್ನು ಬಿಡಿಸಿ ಹೇಳಲೇಬೇಕು. ಕ್ಲೀನ್ ಟೋನಿನಲ್ಲಿ ಎಲ್ಲ ಚೆನ್ನಾಗಿತ್ತು. ಡಿಸ್ಟಾರ್ಷನ್ (ರಾಕ್ ಸಂಗೀತದ ಒರಟು ಸದ್ದು) ಇರುವ ಆಂಪ್ ಹಾಕಿದ ಕೂಡಲೇ ಹೆಡ್‌ಫೋನಿನಲ್ಲಿ ಸದ್ದೋ ಸದ್ದು. ಗೇನ್ ಏರಿಸಿದಷ್ಟೂ ಸಣ್ಣ ಸದ್ದುಗಳೆಲ್ಲ ಮೇಲೇಳುವುದು ಸಹಜ, ಆದರೆ ಇದು ನೋಟುಗಳ ನಡುವೆ ಮೌನವೇ ಇಲ್ಲದಂತೆ ತುಂಬಿಕೊಂಡಿತ್ತು. ಗಮನವಿಟ್ಟು ಕೇಳಿದಾಗ ಒಂದಲ್ಲ, ಎರಡು ಎಂದು ತಿಳಿಯಿತು: ಜರ್ರೆನ್ನುವ ಚೂಪು ಸದ್ದೊಂದು, ಗುಂಯ್ ಎನ್ನುವ ತಗ್ಗು ಸದ್ದೊಂದು.

ಬೇರ್ಪಡಿಸುವ ಉಪಾಯ ಸುಲಭ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಹೋದದ್ದು ಪಿಕಪ್ ಗಾಳಿಯಿಂದ ಹಿಡಿದದ್ದು. ಉಳಿದದ್ದು ವಯರಿನಿಂದಲೋ ಪವರಿನಿಂದಲೋ ಬಂದದ್ದು. ನನ್ನಲ್ಲಿ ಜರ್ ಹೋಯಿತು, ಗುಂಯ್ ಉಳಿಯಿತು.

ಜರ್ ಎನ್ನುತ್ತಿದ್ದುದು ಫ್ಯಾನ್ ರೆಗ್ಯುಲೇಟರ್! ಸೊನ್ನೆಯಿಂದ ಮೇಲಕ್ಕೆ ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ಗುಬುಟು ಇದೆಯಲ್ಲ, ಅದರೊಳಗಿನ ಟ್ರಯಾಕ್ ಎಂಬ ಸ್ವಿಚ್ 50 ಹರ್ಟ್ಸ್ ಕರೆಂಟಿನ ಪ್ರತಿ ಅಲೆಯ ಎರಡೂ ಅರ್ಧಗಳನ್ನು ಕತ್ತರಿಸುತ್ತದೆ, ಸೆಕೆಂಡಿಗೆ 100 ಸಲ. ಆ ಕತ್ತರಿಯ ಗದ್ದಲವನ್ನು ಸಿಂಗಲ್ ಕಾಯಿಲ್ ಪಿಕಪ್ ಆಂಟೆನಾದಂತೆ ಹಿಡಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿಕೊಂಡು ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರುವುದು ಆಗದ ಮಾತು. ಟಕ್ ಟಕ್ ಎಂದು ಒಂದೊಂದೇ ನಂಬರಿಗೆ ನಿಲ್ಲುವ, ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ. ಅದು ಅಲೆಯನ್ನು ಕತ್ತರಿಸುವುದಿಲ್ಲ. ಕೆಲವು ನೂರು ರೂಪಾಯಿಯಲ್ಲಿ ಒಂದು ಸದ್ದು ಪೂರಾ ಹೋಯಿತು.

ಗುಂಯ್ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಮಾಯ, ಹಾಕಿದರೆ ಹಾಜರ್. ಎಲೆಕ್ಟ್ರಿಷಿಯನ್ ಬಂದು ಟೆಸ್ಟ್ ಲ್ಯಾಂಪ್ ಹಿಡಿದು, 'ಸರ್, ಈ ರೂಮಿನ ಸಾಕೆಟ್ಟಿಗೆ ಅರ್ಥಿಂಗೇ ಬಂದಿಲ್ಲ, ಮೂರನೇ ತೂತು ಸುಮ್ಮನೆ ಇದೆ' ಅಂದರು. ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವಲ್ಲವಂತೆ. ಓನರಿಗೆ ಹೇಳಿ ಅರ್ಥ್ ವಯರ್ ಎಳೆಸಿದ ಮೇಲೆ ಗುಂಯ್ ಬಹುಪಾಲು ಇಳಿಯಿತು. ಟೇಕ್ ತೆಗೆದುಕೊಳ್ಳುವಾಗ ಈಗಲೂ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸುತ್ತೇನೆ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಕೈ ಸದಾ ತಂತಿಯ ಮೇಲಿರುವ ವಾದ್ಯ ಇದು, ಜೀವಕ್ಕೇ ಅಪಾಯ. ಅಳಿದುಳಿದ ಸದ್ದಿಗೆ ಪ್ಲಗಿನ್ನಿನಲ್ಲೇ ಇರುವ, ನುಡಿಸದಿದ್ದಾಗ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಸಾಕು.

ವಿಳಂಬದ ಬಗ್ಗೆ ಜನ ಹೆದರಿಸುತ್ತಾರೆ. 48 ಕಿಲೋಹರ್ಟ್ಸಿನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಎತ್ತಿಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 128 ಇಟ್ಟರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ಹೋಗಿ ಬರುವುದೆಲ್ಲ ಕೂಡಿ 10ರ ಆಸುಪಾಸು ಅನ್ನಿ. ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ, ಅಂದರೆ ಆಂಪಿನಿಂದ ಮೂರೂವರೆ ಮೀಟರ್ ದೂರ ನಿಂತಂತೆ. ನನ್ನ ಕೈಗೆ ತೊಂದರೆಯಿಲ್ಲ. ಇಂಟರ್ಫೇಸಿನ ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಇಲ್ಲದಿದ್ದರೆ ಬರಿಯ ಸದ್ದೂ ಆಂಪಿನ ಸದ್ದೂ ಒಟ್ಟಿಗೇ ಕೇಳುತ್ತವೆ. ಗಿಟಾರ್ ಚಿಹ್ನೆ ಇರುವ ಹೈ-ಝೀ ಬಟನ್ ಒತ್ತಿ, ಇಲ್ಲದಿದ್ದರೆ ಟ್ರೆಬಲ್ ಸತ್ತುಹೋಗುತ್ತದೆ.

ಸ್ಟೀವನ್ ಅಟ್ಕಿನ್ಸನ್ ಬರೆದ ಈ ಪ್ಲಗಿನ್ ಓಪನ್ ಸೋರ್ಸ್. ನಿಜವಾದ ಆಂಪ್‌ಗಳ ಕ್ಯಾಪ್ಚರ್‌ಗಳನ್ನು (ಅವುಗಳ ಸದ್ದನ್ನು ಅನುಕರಿಸುವ ಫೈಲ್‌ಗಳನ್ನು) ಜನ ಉಚಿತವಾಗಿ ಹಂಚುತ್ತಾರೆ. ಆರಿಸುವಾಗ ಒಂದು ನೋಡಿಕೊಳ್ಳಿ: ಬರೀ ಹೆಡ್ (ಸ್ಪೀಕರ್ ಬಿಟ್ಟು ಆಂಪಿನ ಭಾಗ) ಕ್ಯಾಪ್ಚರ್ ಆಗಿದ್ದರೆ ಸ್ಪೀಕರ್ ಪೆಟ್ಟಿಗೆಯ ಐಆರ್ ಫೈಲನ್ನೂ (ಅದರ ಸದ್ದಿನ ಗುಣವನ್ನು ದಾಖಲಿಸಿದ ಫೈಲ್) ಹಾಕಬೇಕು, ಇಲ್ಲದಿದ್ದರೆ ಕಿವಿ ಕೊರೆಯುವ ಕರ್ಕಶ ಸದ್ದಷ್ಟೇ ಬರುತ್ತದೆ.

ಖರ್ಚು: ಹತ್ತು ಸಾವಿರದೊಳಗೆ ಇಂಟರ್ಫೇಸ್ ಆಯಿತು, ಅದರಲ್ಲೇ ಹಾಡುವ ಮೈಕೂ ನಡೆಯುತ್ತದೆ. ರೆಕಾರ್ಡಿಂಗಿಗೆ ರೀಪರ್ ಎಂಬ ಸಾಫ್ಟ್‌ವೇರ್, 60 ದಿನ ಪುಕ್ಕಟೆ ನೋಡಬಹುದು, ಆಮೇಲೆ ನಮ್ಮಂಥವರಿಗೆ 60 ಡಾಲರ್ ಲೈಸೆನ್ಸ್. ನೀವು ಸ್ಟೇಜ್ ಹತ್ತುವವರಾದರೆ, ವಾರವಾರ ಬ್ಯಾಂಡ್ ಪ್ರಾಕ್ಟೀಸ್ ಇದ್ದರೆ ಮಲ್ಟಿ ಎಫೆಕ್ಟ್ಸನ್ನೇ ಕೊಳ್ಳಿ, ಲ್ಯಾಪ್‌ಟಾಪ್ ಹೊತ್ತು ಓಡಾಡುವುದು ಕಷ್ಟ. ನಾನು ನುಡಿಸುವುದು ಮನೆಯಲ್ಲಿ ಮಾತ್ರ, ಹಾಗಾಗಿ ಪೆಡಲನ್ನು ಕಾಲೇಜಿಗೆ ಹೋಗುವ ತಂಗಿಯ ಮಗನಿಗೆ ಕೊಟ್ಟಿದ್ದೇನೆ.